ತೇಗಿದ ಮೇಲೆ ಊಟ

ದೊಡ್ಡಉಳ್ಳಾರ್ತಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ದೊಡ್ಡವ್ವ, ಮೇವು ತಿಂದ ಹಸು ತೇಗುವವರೆಗೆ ತಾನು ಉಣ್ಣುತ್ತಿರಲಿಲ್ಲ. ಅದರ ಎಡಪಕ್ಕೆಗೆ ಕಿವಿಯಿಟ್ಟು ಕೂತು, "ತೇಗಿದ್ರೆ ಸೈ" ಎನ್ನುತ್ತಿದ್ದಳು.

ಒಮ್ಮೆ ದನದ ಡಾಕ್ಟರು ಹುಣಸೆಬೀಜದ ಸಿಪ್ಪೆಯ ಪುಡಿ ಕೊಟ್ಟು, "ಬೂಸಾದಾಗೆ ಕಲಸಿ ಹಾಕ್ರಿ, ತೇಗಿನಾಗೆ ಹೋಗೋ ಗ್ಯಾಸು ಕಮ್ಮಿಯಾಗಿ ಹಾಲು ಹೆಚ್ತೈತೆ" ಎಂದರು. ತೇಗೇ ನಿಂತು ಹೊಟ್ಟೆ ಉಬ್ಬರಿಸಿದರೆ ಎಂಬ ಹೆದರಿಕೆ ದೊಡ್ಡವ್ವನಿಗೆ.

ಪುಡಿ ಹಾಕಿದ ದಿನ ಅವಳ ಮುದ್ದೆ ತಣ್ಣಗಾಯಿತು. "ಏಳು ದೊಡ್ಡವ್ವ, ಉಣ್ಣು" ಎಂದೆ.

"ಸುಮ್ಕಿರು, ಇನ್ನೂ ತೇಗಿಲ್ಲ" ಎಂದು ಗದರಿದಳು.

ಅಷ್ಟರಲ್ಲಿ ಹಸು ಕತ್ತು ಚಾಚಿ ಅವಳ ಮುಖಕ್ಕೇ ತೇಗಿತು. ದೊಡ್ಡವ್ವ ಮುಖವನ್ನೂ ಒರೆಸಿಕೊಳ್ಳದೆ ನಕ್ಕಳು. "ಸೈ! ಸಾರು ಬಿಸಿಮಾಡು, ಹೊಟ್ಟೆ ಚುರುಗುಟ್ತೈತೆ."

ಉಂಡಾದ ಮೇಲೆ ಅವಳು ತೇಗಿದ್ದು ಬೀದಿಗೆಲ್ಲ ಕೇಳಿತು. ಹಸು ಮೆಲುಕು ನಿಲ್ಲಿಸಿ ತಿರುಗಿ ನೋಡಿತು.