ಸೋಸಣ್ಣ ಹೇಳದೆ ಹೋದ ಫಿಲ್ಟರು

ಅವನು ಎದ್ದು ಓಡಾಡಿದ ಕೊನೆಯ ದಿನ ಸಂಜೆ, ಬಚ್ಚಲ ಪಕ್ಕದ ಓಣಿಯಲ್ಲಿ ಬಟ್ಟೆ ಒಣಗಿಸುವ ತಂತಿಗೆ ಮೂರು ಆಯಿಲ್ ಫಿಲ್ಟರುಗಳು ಬಾಯಿ ಕೆಳಗಾಗಿ ನೇತಾಡುತ್ತಿದ್ದವು. ಒಂದು ಕಪ್ಪು, ಒಂದು ಬಿಳಿ, ಒಂದು ಕಿತ್ತಳೆ. ಒಂದೊಂದರ ಕೆಳಗೂ ಒಂದೊಂದು ಬಟ್ಟಲು. ಅವುಗಳ ಪಕ್ಕದಲ್ಲಿ ಅವನ ಬನಿಯನ್ನು, ಟವೆಲ್ಲು. ಹೆಂಡತಿ ಬಟ್ಟೆ ತೆಗೆಯಲು ಬಂದವಳು ಕಪ್ಪು ಫಿಲ್ಟರಿಗೆ ಹಣೆ ಬಡಿಸಿಕೊಂಡಳು.

ಇವಕ್ಕೇನು ನೆಗಡಿಯೋ, ಹೀಗೆ ಮೂಗು ಸೋರಿಸೋಕೆ ಕಟ್ಟಿದ್ದೀರಿ ಎಂದು ಕೇಳಿದಳು.

"ಮುಟ್ಟಬೇಡ್ವೇ," ಎಂದ ಗಂಡ. "ಪರೀಕ್ಷೆ ಬರೀತಿದಾವೆ."

ಅವನು ಬಾಡಿಗೆ ಕಾರು ಓಡಿಸುತ್ತಿದ್ದ. ಸ್ಟ್ಯಾಂಡಿನ ಡ್ರೈವರುಗಳು ಅವನನ್ನು ಸೋಸಣ್ಣ ಎಂದು ಕರೆಯುತ್ತಿದ್ದರು. ಏನನ್ನೂ ಸೋಸದೆ ಬಿಡುವ ಆಸಾಮಿ ಅವನಲ್ಲ. ಅಂಗಡಿಯವನು ಸೋಸಿ ಕೊಟ್ಟ ಚಹಾವನ್ನು ತನ್ನ ಕರವಸ್ತ್ರದಲ್ಲಿ ಇನ್ನೊಮ್ಮೆ ಸೋಸಿ ಕುಡಿಯುತ್ತಿದ್ದ. ಅಂಗಡಿಯವನು ಮೊದಮೊದಲು ಮುಖ ಊದಿಸಿಕೊಂಡ, ಆಮೇಲೆ ಕೈ ಚೆಲ್ಲಿದ. ಆಯಿಲ್ ಫಿಲ್ಟರಿನ ವಿಷಯದಲ್ಲಂತೂ ಸೋಸಣ್ಣನನ್ನು ಹಿಡಿಯುವವರಿರಲಿಲ್ಲ. ದುಬಾರಿ ಫಿಲ್ಟರು ಕೊಳ್ಳುವವನು ಪೆದ್ದ, ಕಣ್ಣು ಮುಚ್ಚಿ ಅಗ್ಗದ್ದು ಕೊಳ್ಳುವವನು ಕಡುಪೆದ್ದ ಎನ್ನುತ್ತಿದ್ದ. ಅಗ್ಗವೂ ಆಗಿರಬೇಕು, ಕೈ ಕೊಡಲೂಬಾರದು. ಅಂಥದ್ದು ಎಲ್ಲೋ ಒಂದು ಇದ್ದೇ ಇರುತ್ತದೆ, ಹುಡುಕುವ ತಾಳ್ಮೆ ಬೇಕು. ಹೆಂಡತಿಯನ್ನು ನೋಡಲು ಬಂದ ದಿನ ಅವನು ಒಂದು ಲೋಟ ನೀರು ಕುಡಿಯುವುದರೊಳಗೆ ಒಪ್ಪಿಕೊಂಡಿದ್ದ. ಅದನ್ನು ಅವಳು ಆಗಾಗ ಎತ್ತಿ ಆಡುತ್ತಿದ್ದಳು. ಫಿಲ್ಟರಿಗೆ ಕೊಡುವ ಮರ್ಯಾದೆ ನನಗೆ ಕೊಡಲಿಲ್ಲ ಎಂದು.

ಫಿಲ್ಟರು ಎಂದರೆ ಅಂಗೈ ಮೇಲೆ ಕೂರುವ ತಗಡಿನ ಡಬ್ಬಿ. ಎಂಜಿನ್ನಿನ ಆಯಿಲನ್ನು ಸೋಸುತ್ತದೆ. ಬಾಯಿಯ ಒಳಗೆ ರಬ್ಬರಿನ ತೆಳು ಬಿಲ್ಲೆ ಇರುತ್ತದೆ. ಕಾರು ನಿಂತಾಗ ಆಯಿಲು ವಾಪಸ್ ಇಳಿದುಹೋಗದಂತೆ ಅದು ತಡೆಯಬೇಕು. ತಡೆಯದಿದ್ದರೆ ಬೆಳಿಗ್ಗೆ ಎಂಜಿನ್ನು ಒಣಗಂಟಲಲ್ಲಿ ಎದ್ದು ಕಟಕಟ ಎನ್ನುತ್ತದೆ. ಸವೆಯುತ್ತದೆ. ಈ ಬಿಲ್ಲೆ ಚೆನ್ನಾಗಿದೆಯೋ ಇಲ್ಲವೋ ಎಂದು ತಿಳಿಯಲು ಸೋಸಣ್ಣ ತನ್ನದೇ ಪರೀಕ್ಷೆ ಇಟ್ಟಿದ್ದ. ನಡುವಿನ ದೊಡ್ಡ ತೂತಿಗೆ ಸೀಸೆಯ ಬಿರಡೆ ಜಡಿಯುವುದು, ಸುತ್ತಲಿನ ಸಣ್ಣ ತೂತುಗಳಿಂದ ಆಯಿಲು ಕುಡಿಸುವುದು, ತಿರುವಿ ನೇತುಹಾಕುವುದು. ಬೆಳಿಗ್ಗೆ ಬಟ್ಟಲು ನೋಡುವುದು. ತೊಟ್ಟಿಕ್ಕಿದ್ದರೆ ನಪಾಸು.

ಮೂರೂ ಅವನ ಷಡ್ಡಕನ ಅಂಗಡಿಯವು. ಷಡ್ಡಕ ಎಂದರೆ ಹೆಂಡತಿಯ ಅಕ್ಕನ ಗಂಡ, ಕಾರಿನ ಬಿಡಿಭಾಗ ಮಾರುವವನು. ಮಾದರಿಗೆಂದು ಬಂದ ಫಿಲ್ಟರುಗಳನ್ನು ಅವನು ತಂದು ಸೋಸಣ್ಣನಿಗೆ ಕೊಡುತ್ತಿದ್ದ. ಸೋಸಣ್ಣ ಪಾಸು ಮಾಡಿದ್ದನ್ನೇ ಸ್ಟ್ಯಾಂಡಿನವರೆಲ್ಲ ಕೊಳ್ಳುತ್ತಿದ್ದರು. ಅವನ ಬಾಯಿಂದ ಬರುವ ತನಕ ಯಾರೂ ಕೊಳ್ಳುತ್ತಿರಲಿಲ್ಲ.

ಆ ಸಂಜೆ ಅವನು ಕಾರಿನ ಹಳೆ ಆಯಿಲು ಇಳಿಸಿದ, ಹಳೆ ಫಿಲ್ಟರು ಬಿಚ್ಚಿದ, ಹೊಸ ಆಯಿಲಿನ ಡಬ್ಬ ತಂದು ಬಾಗಿಲ ಹಿಂದೆ ಇಟ್ಟ. ಬರುವ ಸೋಮವಾರದಿಂದ ಆಸ್ಪತ್ರೆಯ ಬೆಳಗಿನ ಪಾಳಿಯ ನರ್ಸುಗಳನ್ನು ಕರೆದೊಯ್ಯುವ ಕೆಲಸ ಸಿಕ್ಕಿತ್ತು. ದಿನವೂ ಇರುವ ಕೆಲಸ. ಅಂಥದ್ದಕ್ಕಾಗಿ ಅವರಿಬ್ಬರೂ ಬಹಳ ಕಾದಿದ್ದರು. ಊಟ ಮಾಡಿದರು. ಮಲಗುವಾಗ ದಿಂಬಿನ ವಿಷಯಕ್ಕೆ ಸ್ವಲ್ಪ ಜಗಳವಾಡಿದರು.

ಬೆಳಿಗ್ಗೆ ಅವನ ಚಹಾ ಆರಿತು. ಅವನು ಏಳಲಿಲ್ಲ.

ಮೊದಲು ಓಡಿ ಬಂದವಳು ಅಕ್ಕ. ಅಕ್ಕನಿಗೆ ದುಃಖವಾದರೆ ಪಾತ್ರೆ ತಿಕ್ಕುತ್ತಾಳೆ. ಅವಳಿಗೆ ಬೇರೆ ದಾರಿ ತಿಳಿಯದು. ತಂಗಿಯನ್ನು ತಬ್ಬಿಕೊಂಡು ಒಂದಿಷ್ಟು ಅತ್ತಳು, ಆಮೇಲೆ ಸೆರಗು ಸಿಕ್ಕಿಸಿ ಮನೆಯ ಪಾತ್ರೆಗಳನ್ನೆಲ್ಲ ಗುಡ್ಡೆ ಹಾಕಿಕೊಂಡು ಕುಳಿತಳು. ಓಣಿಯಲ್ಲಿದ್ದ ಮೂರು ಬಟ್ಟಲೂ ಆ ಗುಡ್ಡೆಗೆ ಸೇರಿದವು. ಫಿಲ್ಟರುಗಳನ್ನು ಬಿಚ್ಚಿ, ಹೊರಗೆ ಒರೆಸಿ ಫಳಫಳ ಮಾಡಿ, ಬೇರೆ ಜಾಗ ಕಾಣದೆ ಗೂಡಿನಲ್ಲಿ ಅವನ ಫೋಟೋ ಪಕ್ಕ ಸಾಲಾಗಿ ಇಟ್ಟಳು.

ಎಲ್ಲ ಮುಗಿದ ಮೇಲೆ ಅವನ ದೊಡ್ಡಪ್ಪ ಬಂದರು. ಕಣ್ಣಿಗೆ ಪೊರೆ ಬಂದಿತ್ತು. ಫೋಟೋವನ್ನು ತಡವಿದರು. ಕೈಗೆ ಕಪ್ಪು ಫಿಲ್ಟರು ಸಿಕ್ಕಿತು. ಅದನ್ನು ಎತ್ತಿ ಎದೆಗೆ ಒತ್ತಿಕೊಂಡು, "ಇಷ್ಟು ಸಣ್ಣ ಡಬ್ಬೀಲಿ ಹಿಡಿಸಿಬಿಟ್ನಾ ನನ್ನ ಮಗ?" ಎಂದು ಅತ್ತರು. ಕುಳಿತವರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. ಬೂದಿಯಲ್ಲ, ಫಿಲ್ಟರು ಎಂದು ಹೇಳಲು ಯಾರಿಗೂ ಬಾಯಿ ಬರಲಿಲ್ಲ. ಅತ್ತು ಮುಗಿಸಿ ದೊಡ್ಡಪ್ಪ ಮತ್ತೆ ಗೂಡು ತಡವಿದರು.

"ಈ ಎರಡು ಯಾರದು?"

"ಅವೂ ಅವರದೇ, ಮಾವ," ಎಂದಳು ಸೋಸಣ್ಣನ ಹೆಂಡತಿ.

ಸುಳ್ಳು ಹೇಳಿದೆ ಎಂದು ಅವಳಿಗೆ ಅನಿಸಲಿಲ್ಲ. ಅವನವೇ ತಾನೆ.

ಆಮೇಲೆ ಡ್ರೈವರುಗಳು ಒಬ್ಬೊಬ್ಬರಾಗಿ ಬರತೊಡಗಿದರು. ಬರುವವರು ತಲೆ ತಗ್ಗಿಸಿ ಕೂರುವರು, ಗಂಟಲು ಸರಿಮಾಡಿಕೊಳ್ಳುವರು, ಗೂಡಿನ ಕಡೆ ಓರೆಗಣ್ಣು ಹಾಯಿಸುವರು. ಅವರಲ್ಲಿ ದೊಡ್ಡ ಗಂಟಲಿನವನು ಒಬ್ಬ, ಹಾರನ್ ಎಂದು ಅವನ ಅಡ್ಡಹೆಸರು. ಅವನು ಅಂದು ಮಾತ್ರ ಪಿಸುದನಿಯಲ್ಲಿ ಕೇಳಿದ.

"ಅತ್ತಿಗೆ, ಹೋಗೋಕೆ ಮುಂಚೆ ಅಣ್ಣ ಏನಾದ್ರೂ ಹೇಳಿದ್ರಾ?"

"ದಿಂಬು ಆ ಕಡೆ ಸರಿಸು ಅಂದ್ರು."

"ಅದಲ್ಲ. ಫಿಲ್ಟರ್ ವಿಷಯ."

ಬೆಳಿಗ್ಗೆ ನೋಡಬೇಕಿತ್ತು, ನೋಡಲಿಲ್ಲ, ಬಟ್ಟಲು ಅಕ್ಕ ತೊಳೆದಳು ಎಂದಳು. ಹಾರನ್ ಕಣ್ಣು ಮುಚ್ಚಿಕೊಂಡ. ಸಾವಿನ ಸುದ್ದಿ ಅವನಿಗೆ ಈಗ ಪೂರ್ತಿ ತಲುಪಿದಂತೆ ಕಂಡಿತು.

ಅಲ್ಲಿಂದ ಅಕ್ಕನ ವಿಚಾರಣೆ ಶುರುವಾಯಿತು. ಯಾವ ಬಟ್ಟಲಲ್ಲಿ ಜಿಡ್ಡಿತ್ತು, ಎಷ್ಟಿತ್ತು, ಸೋಪು ಯಾವುದಕ್ಕೆ ಹೆಚ್ಚು ಹಿಡಿಯಿತು ಎಂದು ಡ್ರೈವರುಗಳು ಸುತ್ತ ಕುಳಿತು ಕೇಳಿದರು. "ಈ ಮನೇಲಿ ಜಿಡ್ಡಿಲ್ಲದ ಪಾತ್ರೆ ಯಾವುದಿದೆ?" ಎಂದು ಅಕ್ಕ ಒಂದೇ ಮಾತಲ್ಲಿ ಮುಗಿಸಿದಳು. ಅದರಿಂದ ಯಾರಿಗೂ ಸಮಾಧಾನವಾಗಲಿಲ್ಲ. ಸ್ಟ್ಯಾಂಡು ಮೂರು ಪಾಲಾಯಿತು. ಒಬ್ಬನ ಕನಸಿನಲ್ಲಿ ಸೋಸಣ್ಣ ಬಿಳಿ ಅಂಗಿ ಹಾಕಿಕೊಂಡು ಬಂದನಂತೆ. ಇನ್ನೊಬ್ಬನ ಕನಸಿನಲ್ಲಿ ಕಿತ್ತಳೆ ಬಣ್ಣದ ಕಾರಿನಲ್ಲಿ ಹೋದನಂತೆ. ಕಪ್ಪಿನ ಪಕ್ಷದವರಿಗೆ ಕನಸು ಬೀಳಲಿಲ್ಲ, ಕನಸು ಬೀಳಬೇಕಾದಲ್ಲಿ ಬರೀ ಕಗ್ಗತ್ತಲಿತ್ತು, ಅದೇ ಸೂಚನೆ ಎಂದರು.

ಕಾರು ಮಾತ್ರ ಬಾಗಿಲ ಮುಂದೆ ನಿಂತೇ ಇತ್ತು. ಆಯಿಲಿಲ್ಲ, ಫಿಲ್ಟರಿಲ್ಲ. ಅಲುಗಿಸುವಂತಿಲ್ಲ.

ಷಡ್ಡಕ, ಅಂದರೆ ಅವಳ ಭಾವ, ಕಾರಿಗೆ ಒಬ್ಬ ಗಿರಾಕಿಯನ್ನು ಗೊತ್ತು ಮಾಡಿ ಬಂದ. ಭಾನುವಾರ ಗಿರಾಕಿ ಎಂಜಿನ್ನಿನ ಸದ್ದು ಕೇಳಿ ಕಾರು ಕೊಳ್ಳುತ್ತಾನೆ, ಅಷ್ಟರೊಳಗೆ ಯಾವುದೋ ಒಂದು ಫಿಲ್ಟರು ಜಡಿದರಾಯಿತು ಎಂದ. ಅಂಗಡಿ ಹಿಂದಿನ ಕೋಣೆ ಖಾಲಿ ಮಾಡಿಸಿದ್ದೇನೆ, ನೀನು ಅಲ್ಲೇ ಇರಬಹುದು ಎಂದೂ ಹೇಳಿದ. ಭಾವ ಕೆಟ್ಟವನಲ್ಲ. ಅಕ್ಕನಂತೂ ಚಿನ್ನ. ಆದರೆ ಅಕ್ಕನ ಮನೆಗೆ ಹೋಗುವುದು ಬೇರೆ, ಅಕ್ಕನ ಮನೆಯಲ್ಲಿ ಇರುವುದು ಬೇರೆ. ಅವಳಿಗೆ ಲೈಸೆನ್ಸು ಇತ್ತು. ಗಂಡನೇ ಖಾಲಿ ಮೈದಾನದಲ್ಲಿ ಸುತ್ತಿಸಿ ಸುತ್ತಿಸಿ ಕಲಿಸಿದ್ದ. ಅವನಿಗೆ ಸೊಂಟ ಹಿಡಿದಾಗ ಅವಳೇ ಓಡಿಸುತ್ತಿದ್ದಳು. ಆಸ್ಪತ್ರೆಯ ದೊಡ್ಡ ನರ್ಸು ಹೇಳಿ ಕಳಿಸಿದ್ದಳು, ಸೋಮವಾರ ಕಾರು ಬಂದರೆ ಸರಿ, ಓಡಿಸುವವರು ಯಾರಾದರೂ ಸರಿ, ಬಾರದಿದ್ದರೆ ಬೇರೆಯವರನ್ನು ಗೊತ್ತು ಮಾಡುತ್ತೇವೆ.

ಫಿಲ್ಟರು ಹಾಕಿದರೆ ಕಾರು ಓಡುತ್ತದೆ. ಆದರೆ ಸವೆದ ಎಂಜಿನ್ನು. ತಪ್ಪು ಫಿಲ್ಟರು ಹಾಕಿದರೆ ಕಾರಿನ ಜೊತೆ ಅವಳೂ ಅಂಗಡಿ ಹಿಂದಿನ ಕೋಣೆಗೆ ಹೋಗಿ ಬೀಳಬೇಕು.

ಅವನಿದ್ದರೆ ಯಾವುದು ಅನ್ನುತ್ತಿದ್ದ? ದಿನವೆಲ್ಲ ಅವಳು ಇದನ್ನೇ ಗೂಡಿನ ಮುಂದೆ ನಿಂತು ಯೋಚಿಸಿದಳು. ಅವನ ಕೊನೆಯ ಮಾತು ಸೋಪಿನ ನೀರಲ್ಲಿ ಹರಿದು ಮೋರಿ ಸೇರಿತು ಎಂದು ಹೊಟ್ಟೆ ಉರಿಯುತ್ತಿತ್ತು. ಅಕ್ಕನ ಮೇಲೆ ಸಿಟ್ಟು ಬರುತ್ತಿತ್ತು. ಸಿಟ್ಟು ಬಂದದ್ದಕ್ಕೆ ನಾಚಿಕೆಯಾಗುತ್ತಿತ್ತು.

ಶನಿವಾರ ಸಂಜೆ ಬಟ್ಟೆ ಹರವಲು ಹೋದಳು. ತಂತಿಯಲ್ಲಿ ಬೇಕಾದಷ್ಟು ಜಾಗ ಇತ್ತು. ಒಬ್ಬಳ ಬಟ್ಟೆ ಎಷ್ಟು. ಅವಳು ಒಳಗೆ ಹೋಗಿ ಮೂರು ಫಿಲ್ಟರು ತಂದಳು, ಆಯಿಲು ಕುಡಿಸಿದಳು, ದಾರ ಕಟ್ಟಿ ನೇತುಹಾಕಿದಳು. ಬಟ್ಟಲು ಇಟ್ಟಳು. ಇದು ಇಷ್ಟು ದಿನ ಒಬ್ಬರಿಗೂ ಹೊಳೆದಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಹಾರನ್ ಗಾಬರಿಯಾದ. ಅಣ್ಣ ನಡೆಸಿದ ಪರೀಕ್ಷೆಯನ್ನು ಇನ್ನೊಬ್ಬರು ನಡೆಸುವುದು ತಪ್ಪಲ್ಲವೇ ಎಂದ.

"ಉತ್ತರಪತ್ರಿಕೆ ಕಳೆದುಹೋದ್ರೆ ಮತ್ತೆ ಬರೆಸ್ತಾರಪ್ಪ," ಎಂದಳು ಅವಳು.

ಭಾನುವಾರ ಬೆಳಿಗ್ಗೆ ಓಣಿ ತುಂಬಿತು. ಡ್ರೈವರುಗಳು ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದರು. ಭಾವ ಗಿರಾಕಿಯನ್ನು ಕರೆತಂದಿದ್ದ. ಅಕ್ಕನನ್ನು ಇಬ್ಬರ ನಡುವೆ ಕೂರಿಸಿ ಕಾವಲು ಹಾಕಿದ್ದರು. ಕಿತ್ತಳೆಯ ಬಟ್ಟಲು ಅರ್ಧ ತುಂಬಿತ್ತು. ಅದು ಮೂರರಲ್ಲಿ ಅತಿ ಅಗ್ಗದ್ದು. ಕಪ್ಪಿನದೂ ಬಿಳಿಯದೂ ಒಣಗಿದ್ದವು. ಕಿತ್ತಳೆಯವರು ಟೋಪಿ ತೆಗೆದು ಹಿಂದೆ ಸರಿದರು. ಉಳಿದವರು ಮತ್ತೆ ಶುರು ಮಾಡಿದರು. ಸೋಸಣ್ಣನಾಗಿದ್ದರೆ ಕಪ್ಪು ಅನ್ನುತ್ತಿದ್ದ ಎಂದ ಭಾವ. ಅದರ ತಗಡು ದಪ್ಪ. ಬಿಳಿ ಅನ್ನುತ್ತಿದ್ದ ಎಂದ ಹಾರನ್. ಮಾತಿಗೆ ಮಾತು ಬೆಳೆಯಿತು. ಸತ್ತವನ ಮನಸ್ಸು ಎಲ್ಲರಿಗೂ ಗೊತ್ತಿತ್ತು.

"ಅವರು ಏನಂತಿದ್ರೋ ನನಗೆ ಗೊತ್ತಿಲ್ಲ," ಎಂದಳು ಅವಳು. "ನಿಮಗೂ ಗೊತ್ತಿಲ್ಲ. ಎರಡೂ ತೊಟ್ಟಿಕ್ಕಿಲ್ಲ. ಬಿಳೀದು ಅಗ್ಗ. ನಾನು ಬಿಳೀದು ಹಾಕ್ತೀನಿ."

ಹೇಳಿದವಳೇ ತಂತಿಯಿಂದ ಬಿಳಿ ಫಿಲ್ಟರು ಬಿಚ್ಚಿಕೊಂಡಳು. ಕಾರಿನ ಕೆಳಗೆ ಹೋಗಿ ಮಲಗಿದಳು. ಬಿರಡೆ ಕಿತ್ತು, ಫಿಲ್ಟರಿನ ರಬ್ಬರು ಬಳೆಗೆ ಆಯಿಲು ಸವರಿ, ಕೈಯಲ್ಲೇ ತಿರುಗಿಸಿ ಬಿಗಿದಳು. ಮೇಲಿಂದ ಹತ್ತು ಜನ ಬಗ್ಗಿ ಬುದ್ಧಿ ಹೇಳುತ್ತಿದ್ದರು. ಅವಳಿಗೆ ಕಂಡದ್ದು ಅವರ ಚಪ್ಪಲಿಗಳು. ಎದ್ದು ಬಂದು ಆಯಿಲು ಹುಯ್ದಳು, ಕೂತಳು, ಕೀಲಿ ತಿರುಗಿಸಿದಳು. ಆಯಿಲಿನ ಕೆಂಪು ದೀಪ ಕಣ್ಣು ಮಿಟುಕಿಸಿ ಆರಿತು. ಎಂಜಿನ್ನು ಕೆಮ್ಮಲಿಲ್ಲ.

ಗಿರಾಕಿ ತಲೆದೂಗಿದ. ಭಾವ ಕೈ ಉಜ್ಜಿಕೊಂಡು ಕಿಟಕಿಯ ಹತ್ತಿರ ಬಂದ, ಇಳಿ ಎಂದ. ಅವಳು ಇಳಿಯಲಿಲ್ಲ.

"ಭಾವ, ಕಾರು ಮಾರಲ್ಲ. ಪಾಪ ಅವರು ಬಿಸಿಲಲ್ಲಿ ಬಂದಿದಾರೆ, ಹತ್ತಿಸಿ. ಮನೆ ತನಕ ಬಿಟ್ಟು ಬರ್ತೀನಿ."

ಭಾವ ಏನೂ ತೋಚದೆ ಬಾಗಿಲು ತೆಗೆದ. ಗಿರಾಕಿಯೂ ಏನೂ ತೋಚದೆ ಹತ್ತಿದ. ಮನೆಯ ಮುಂದೆ ಇಳಿದು, ಕೊಳ್ಳಲು ಹೋಗಿದ್ದ ಕಾರಿಗೆ ಬಾಡಿಗೆ ಎಷ್ಟಾಯಿತು ಎಂದು ಕೇಳಿದ. ಅವಳು ಹೇಳಿದಳು. ಅವನು ಕೊಟ್ಟ.

ಸೋಮವಾರ ಅವಳು ನರ್ಸುಗಳನ್ನು ಕರೆದೊಯ್ದಳು. ಸ್ಟ್ಯಾಂಡಿನವರು ಒಂದಿಷ್ಟು ದಿನ ಕಾದು ನೋಡಿ, ಒಬ್ಬೊಬ್ಬರಾಗಿ ಭಾವನ ಅಂಗಡಿಗೆ ಹೋಗಿ ಬಿಳಿಯದನ್ನೇ ಕೇಳಿದರು. ಕಪ್ಪಿನ ಪಕ್ಷದವರು ಮಾತ್ರ ಹೆಸರು ಹೇಳದೆ, ಆ ಪಕ್ಕದ್ದು ಕೊಡಿ ಎಂದು ಬೆರಳು ತೋರಿಸುತ್ತಾರಂತೆ.

ಕೈಯಲ್ಲೇ ಬಿಗಿದ ಫಿಲ್ಟರು, ತಾನೇ ಆರಿಸಿದ್ದು. ಅವಳಿಗೆ ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ. ಮಲಗುವ ಮುಂಚೆ ಎಂಜಿನ್ನಿನ ಕೆಳಗೆ ಒಂದು ರಟ್ಟು ತಳ್ಳಿ ಬರುತ್ತಾಳೆ. ಬೆಳಿಗ್ಗೆ ಎದ್ದ ಕೂಡಲೇ, ಮುಖಕ್ಕೆ ನೀರು ಹಾಕಿಕೊಳ್ಳುವ ಮೊದಲು, ಮೊಣಕಾಲೂರಿ ಅದನ್ನು ಎಳೆದು ಬೆಳಕಿಗೆ ಹಿಡಿದು ನೋಡುತ್ತಾಳೆ. ಒಂದು ತೊಟ್ಟೂ ಇರುವುದಿಲ್ಲ. ಆದರೂ ಸ್ವಲ್ಪ ಹೊತ್ತು ಅಲ್ಲೇ ಕೂತಿರುತ್ತಾಳೆ. ಆಮೇಲೆ ರಟ್ಟನ್ನು ಗೋಡೆಗೆ ಒರಗಿಸಿ ಎದ್ದು ಒಳಗೆ ಹೋಗುತ್ತಾಳೆ.