ಅತ್ತಿಗೆ ಆರಿಸಿದ ರಿವೆಟ್ ಮಿಷನ್

ನಮ್ಮ ಅತ್ತಿಗೆಯನ್ನು ಮರ ಕೊಯ್ಯುವವರೆಲ್ಲ ಹಲ್ಲಿನ ಡಾಕ್ಟರು ಅಂತಲೇ ಕರೆಯುತ್ತಾರೆ. ಮರ ಕೊಯ್ಯುವ ಮಿಷನ್ನಿನ ಚೈನಿನ ಹಲ್ಲು ಮಸೆಯುವುದು, ಕೆಟ್ಟ ಕೊಂಡಿ ಕಿತ್ತು ಹೊಸದನ್ನು ರಿವೆಟ್ ಎಂಬ ಪುಟ್ಟ ಮೊಳೆ ಹೊಡೆದು ಕೂರಿಸುವುದು ಅವಳ ಕಸುಬು. ಕಲಿಸಿದವರು ಅವಳಪ್ಪ. ಅವರು ಹೋದಮೇಲೆ ಅವರ ರಿವೆಟ್ ಮಿಷನ್ನೂ ಅವಳ ಪಾಲಿಗೆ ಬಂತು. ಅವಳು ಕೆಲಸ ಮಾಡುವ ಅಂಗಡಿ ಕೋಣೆಯಲ್ಲೇ ಕಿಟಕಿ ಪಕ್ಕ ನನ್ನ ಹೊಲಿಗೆ ಮಿಷನ್ ಇದೆ. ಅವಳ ಗ್ರೀಸು ನನ್ನ ಬಟ್ಟೆಗೆ ಹತ್ತಬಾರದು, ನನ್ನ ದಾರ ಅವಳ ಚೈನಿಗೆ ಸುತ್ತಬಾರದು ಎಂಬ ಒಪ್ಪಂದದ ಮೇಲೆ ನಾವಿಬ್ಬರೂ ಬಾಳುತ್ತಿದ್ದೇವೆ. ವಯಸ್ಸಿನಲ್ಲಿ ನನಗಿಂತ ಚಿಕ್ಕವಳು, ಹೆದರಿಕೆಯಲ್ಲಿ ನಮ್ಮೆಲ್ಲರಿಗಿಂತ ದೊಡ್ಡವಳು.

ಗಿರಾಕಿ ಯಾರೇ ಇರಲಿ, ರಿಪೇರಿಯಾದ ಚೈನನ್ನು ಬೆಳಕಿಗೆ ಹಿಡಿದು, ಒಂದೊಂದೇ ಕೊಂಡಿಯನ್ನು ಬೆರಳಲ್ಲಿ ಮಡಚಿ ನೋಡಿಯೇ ಒಯ್ಯುತ್ತಾರೆ. ಓಡುವ ಚೈನು ಕಿತ್ತು ಮೈಮೇಲೆ ಬಂದರೆ ಏನಾಗುತ್ತದೆಂದು ಅವರಿಗೆ ಹೇಳಿಕೊಡಬೇಕಿಲ್ಲ. ನೋಡದೆ ಒಯ್ಯುವವನು ಒಬ್ಬನೇ, ಅವಳ ಗಂಡ, ಅಂದರೆ ನಮ್ಮಣ್ಣ. ಹೆಂಡತಿಯ ಕೆಲಸವನ್ನು ತಾನು ತಪಾಸಣೆ ಮಾಡುವುದೇ ಎಂದು ಜೊತೆಯವರ ಮುಂದೆ ಎದೆಯುಬ್ಬಿಸುತ್ತಾನೆ. ಸಾರಿಗೆ ಉಪ್ಪು ಕಡಿಮೆಯಾದಾಗ ಮಾತ್ರ ಈ ನಂಬಿಕೆ ಎಲ್ಲಿ ಹೋಗುತ್ತದೋ ಕಾಣೆ.

ಒಂದು ಬೆಳಿಗ್ಗೆ ಹಳೆಯ ಗಿರಾಕಿಯೊಬ್ಬರು ಚೈನು ವಾಪಸ್ ತಂದರು. ಜಗಳಕ್ಕೇನೂ ಬಂದಿರಲಿಲ್ಲ. ಹೊಸ ರಿವೆಟ್ಟಿನ ತಲೆ ಒಂದು ಕಡೆ ಸೀಳಿದ್ದನ್ನು ಸುಮ್ಮನೆ ತೋರಿಸಿದರು. ಅತ್ತಿಗೆ ತನ್ನ ಮಿಷನ್ ಬಿಚ್ಚಿದಳು. ರಿವೆಟ್ಟನ್ನು ಒತ್ತಿ, ತಿರುಗಿ, ಅದರ ತಲೆಯನ್ನು ಗುಂಡಿಯ ಹಾಗೆ ಅರಳಿಸುವ ಉಕ್ಕಿನ ಮೂತಿಯೊಂದು ಅದರಲ್ಲಿರುತ್ತದೆ. ಆ ಮೂತಿ ಸವೆದು, ಅಂಚಿನಲ್ಲಿ ಚಕ್ಕೆ ಎದ್ದಿತ್ತು. ಯಾವತ್ತು ಎದ್ದಿತೋ, ಅಷ್ಟರೊಳಗೆ ಎಷ್ಟು ಚೈನು ಹೋದವೋ ಗೊತ್ತಿಲ್ಲ. ಗೊತ್ತಿದ್ದದ್ದು ಒಂದೇ. ಹಿಂದಿನ ದಿನ ಕೊಂಡಿ ಹಾಕಿದ ಚೈನನ್ನು ತನ್ನ ಮಿಷನ್ನಿಗೆ ಏರಿಸಿಕೊಂಡು ಅಣ್ಣ ಶಾಲೆಯ ಹಿಂದೆ ವಾಲಿದ್ದ ಮರ ಕೊಯ್ಯಲು ಹೋಗಿದ್ದ.

ಫೋನ್ ಮಾಡಿದೆವು, ಎತ್ತಲಿಲ್ಲ. ಮಿಷನ್ನಿನ ಸದ್ದಿನಲ್ಲಿ ಕೇಳುವುದಾದರೂ ಹೇಗೆ? ಅಂಗಡಿ ಬಾಗಿಲು ಎಳೆದುಕೊಂಡು ಓಡಿದೆವು. ಹೋಗಿ ನೋಡಿದರೆ ಪುಣ್ಯಾತ್ಮ ದಿಮ್ಮಿಯ ಮೇಲೆ ಕೂತು ಟೀ ಕುಡಿಯುತ್ತಿದ್ದಾನೆ. ಅತ್ತಿಗೆ ನೇರ ಹೋಗಿ ಅವನ ಮಿಷನ್ನಿನಿಂದ ಚೈನು ಕಳಚಿದಳು. ಅದರ ರಿವೆಟ್ಟಿನಲ್ಲೂ ಕೂದಲೆಳೆಯಂಥ ಸೀಳು ಇತ್ತು. ಏನೂ ಆಗಿಲ್ಲವಲ್ಲ ಎಂದು ಅಣ್ಣ ನಕ್ಕ. ಅವನ ಆ ನಗು ಕಂಡು ನನಗೆ ಮೈ ಉರಿಯಿತು.

ಹಳೇ ಮಿಷನ್ನಿನ ಮೂತಿ ಈಗ ಸಿಗುವುದಿಲ್ಲ. ಹಾಗಾಗಿ ಗಿರಾಕಿಗಳ ಕೈಲಿದ್ದ ಚೈನುಗಳನ್ನೆಲ್ಲ ವಾಪಸ್ ತರಿಸಿಟ್ಟು, ಹೊಸ ಮಿಷನ್ ಆರಿಸಲು ಅತ್ತಿಗೆ ಪೇಟೆಯ ಅಂಗಡಿಗೆ ನನ್ನನ್ನೂ ಎಳೆದುಕೊಂಡು ಹೋದಳು. ಅಂಗಡಿಯವರು ಎರಡನ್ನು ಮುಂದಿಟ್ಟರು. ಒಂದು ಥಳಥಳ ಹೊಳೆಯುತ್ತಿತ್ತು, ಹಿಡಿಕೆ ಬೆರಳಲ್ಲೇ ತಿರುಗುತ್ತಿತ್ತು. ಇನ್ನೊಂದು ಕಪ್ಪು, ಭಾರ, ಸಿಡುಕುಮೋರೆಯದು. ನನ್ನನ್ನು ಕೇಳಿದ್ದರೆ ಹೊಳೆಯುವುದನ್ನೇ ಎತ್ತಿಕೊಳ್ಳುತ್ತಿದ್ದೆ. ಅವಳು ಎರಡರ ಮೂತಿಯನ್ನೂ ಹೆಬ್ಬೆರಳಲ್ಲಿ ಅಲ್ಲಾಡಿಸಿದಳು, ಬಿಚ್ಚಿ ತೋರಿಸಿ ಎಂದಳು. ಹೊಳೆಯುವುದರದ್ದು ಬಿಚ್ಚಲು ಬರುವುದಿಲ್ಲ, ಸವೆದರೆ ಇಡೀ ಮಿಷನ್ನೇ ಗುಜರಿಗೆ. ಕಪ್ಪಿನದ್ದು ತಿರುಪು ಬಿಚ್ಚಿದರೆ ಕೈಗೆ ಬರುತ್ತದೆ, ಬದಲಿ ಮೂತಿ ಬೇರೆಯಾಗಿ ಸಿಗುತ್ತದೆ. ಮನೆಯಿಂದ ತಂದಿದ್ದ ಗಟ್ಟಿ ಚೈನಿನ ತುಂಡನ್ನು ಎರಡಕ್ಕೂ ಕೊಟ್ಟು ನೋಡಿದಳು. ಒತ್ತಡ ಬಿದ್ದಾಗ ಹೊಳೆಯುವುದರ ಬಾಯಿ ಕೊಂಚ ಅಗಲವಾಗಿ ರಿವೆಟ್ಟಿನ ತಲೆ ಸೊಟ್ಟಗಾಯಿತು. ಕಪ್ಪು ಮಿಷನ್ ಕದಲಲಿಲ್ಲ.

ಇಷ್ಟಾದರೂ ಅವಳಿಗೆ ಧೈರ್ಯ ಬರಲಿಲ್ಲ. ಎಷ್ಟು ಕಾಲ ಬಾಳಿಕೆ ಬರುತ್ತದೆ ಎಂದು ಕೇಳಿದ್ದನ್ನೇ ಕೇಳಿದಳು. ಅಂಗಡಿಯವರು ಬೇಸತ್ತು, ಜೀವನಪೂರ್ತಿ ಬರುತ್ತಮ್ಮ ಎಂದರು.

"ಯಾರ ಜೀವನ?" ಎಂದಳು ಅತ್ತಿಗೆ. ಅವರು ತಮಾಷೆ ಅಂದುಕೊಂಡು ನಕ್ಕರು. ನನಗೆ ನಗು ಬರಲಿಲ್ಲ.

ಕಪ್ಪು ಮಿಷನ್ ಬಂತು, ಮೇಜಿಗೆ ಬೋಲ್ಟು ಹಾಕಿದ್ದಾಯಿತು. ಮೊದಲು ಅಣ್ಣನ ಚೈನಿಗೇ ಕೊಂಡಿ ಕೂರಿಸಿದಳು. ಅವನು ಎಂದಿನಂತೆ ಅದನ್ನು ಸುತ್ತಿ ಚೀಲಕ್ಕೆ ಹಾಕಿಕೊಳ್ಳಲು ಹೊರಟ. ಅವಳು ಚೈನಿನ ಇನ್ನೊಂದು ತುದಿ ಬಿಡಲಿಲ್ಲ.

"ನೋಡಿಕೊಂಡು ಹೋಗಿ."

"ನೀನು ಮಾಡಿದ್ದಲ್ವಾ, ಬಿಡು."

"ಅದಕ್ಕೇ ನಂಗೆ ಭಯ. ಬೇರೆಯವರ ಚೈನಿಗೆ ನಾಲ್ಕು ಕಣ್ಣಿರ್ತವೆ ರೀ. ನಿಮ್ಮದಕ್ಕೆ ನನ್ನವು ಎರಡೇ."

ಅಣ್ಣನಿಗೆ ಮುಖಕ್ಕೆ ಹೊಡೆದಂತಾಯಿತು. ಆಯ್ತು, ನಿನ್ನಿಷ್ಟ ಎಂದು ಗೊಣಗಿ, ಕಿಟಕಿಗೆ ಬಂದು, ಅವಳನ್ನು ಹಂಗಿಸುವವನಂತೆ ಕೊಂಡಿಗಳನ್ನು ಬೇಗಬೇಗ ಮಡಚುತ್ತಾ ಹೋದ. ಹೊಸ ಕೊಂಡಿಗೆ ಬಂದಾಗ ಅವನ ಬೆರಳು ನಿಂತಿತು. ಮತ್ತೊಮ್ಮೆ ಮಡಚಿದ. ಅದು ಮಡಚಿಕೊಳ್ಳಲಿಲ್ಲ.

ಅತ್ತಿಗೆ ಓಡಿಬಂದು ಮುಟ್ಟಿ ನೋಡಿದಳು. ಸವೆಯುತ್ತಾ ಬಂದ ಮೂತಿಗೆ ತಕ್ಕಂತೆ ಅವಳ ಕೈ ತಾನೇ ವರ್ಷಗಟ್ಟಲೆ ಒತ್ತಡ ಹೆಚ್ಚಿಸಿಕೊಳ್ಳುತ್ತಾ ಬಂದಿತ್ತು. ಹಳೇ ಮಿಷನ್ ಹೋದರೂ ಆ ಒತ್ತು ಕೈಯಲ್ಲೇ ಉಳಿದಿತ್ತು. ಗಟ್ಟಿಮುಟ್ಟಾದ ಹೊಸ ಮಿಷನ್ ಅಷ್ಟನ್ನೂ ರಿವೆಟ್ಟಿಗೇ ದಾಟಿಸಿಬಿಟ್ಟಿತ್ತು. ಹೀಗೆ ಬಿಗಿದ ಕೊಂಡಿ ಓಟದಲ್ಲಿ ಬಾಗುವುದಿಲ್ಲ, ಎಳೆದಾಡಿ ಕಿತ್ತುಕೊಳ್ಳುತ್ತದೆ.

"ನೋಡ್ದೇ ಹೋಗಿದ್ರೆ?" ಎಂದ ಅಣ್ಣ. ಅವನ ಧ್ವನಿಯಲ್ಲಿ ಹೆದರಿಕೆ ಕೇಳಿದ್ದು ನಾನು ಅದೇ ಮೊದಲು.

ಅವಳು ಆ ಕೊಂಡಿ ಕಿತ್ತು, ಬೇರೆಯದಿಟ್ಟು, ಹಿಡಿಕೆಯನ್ನು ಹಗುರವಾಗಿ, ತಡೆದು ತಡೆದು ತಿರುಗಿಸಿದಳು. ಅಷ್ಟರಲ್ಲಿ ಅಣ್ಣ ಚೀಲ ಮಗುಚಿ, ಇದ್ದಬದ್ದ ಚೈನುಗಳನ್ನೆಲ್ಲ ನನ್ನ ಹೊಲಿಗೆ ಬಟ್ಟೆಯ ಮೇಲೆಯೇ ಸುರಿದುಕೊಂಡು, ಒಂದೊಂದೇ ಕೊಂಡಿಯನ್ನು ಮಡಚಿ ನೋಡತೊಡಗಿದ. ಗ್ರೀಸು ಹತ್ತುತ್ತಿದ್ದರೂ ನಾನು ಬಾಯಿ ಬಿಡಲಿಲ್ಲ. ಅತ್ತಿಗೆ ರಿಪೇರಿಯಾದ ಚೈನು ತಂದು ಅವನ ಮುಂದೆ ಹಿಡಿದಳು. ಅವನು ತಲೆ ಎತ್ತದೆ, "ಅಲ್ಲಿಡು, ಅದನ್ನೂ ನೋಡ್ತೀನಿ" ಎಂದ. ಅವಳು ಅಲ್ಲೇ ಸ್ಟೂಲಿನ ಮೇಲೆ ಕುಸಿದು, ಗ್ರೀಸಿನ ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತಳು.