ಮೇಷ್ಟ್ರ ಮೊಲ ಮಿಸುಕುವುದಿಲ್ಲ

ನಮ್ಮ ಎದುರುಮನೆಯ ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಔಷಧಿ ಕಾರ್ಖಾನೆಯ ಹಿಂಭಾಗದಲ್ಲಿ, ಬಾಯ್ಲರ್ ಮನೆಗೂ ಸೈಕಲ್ ಸ್ಟ್ಯಾಂಡಿಗೂ ನಡುವೆ ಒಂದು ಮೊಲದ ಮನೆಯಿತ್ತು; ಅಲ್ಲಿ ಇಪ್ಪತ್ತೆರಡು ವರ್ಷ ಮೊಲ ನೋಡಿಕೊಂಡವರು. ಕಾರ್ಖಾನೆಯಲ್ಲಿ ತಯಾರಾದ ಇಂಜೆಕ್ಷನ್ ಮನುಷ್ಯರ ಮೈಗೆ ಹೋಗುವ ಮೊದಲು ಮೊಲದ ಮೈಗೆ ಹೋಗಬೇಕಿತ್ತು. ಕಿವಿಯ ನರಕ್ಕೆ ಸೂಜಿ ಚುಚ್ಚಿ ಮೂರು ಗಂಟೆ ಕಾಯುವುದು. ಮೊಲಕ್ಕೆ ಜ್ವರ ಬಂದರೆ ಸರಕು ಕೆಟ್ಟಿದೆ ಎಂದರ್ಥ. ಬರದಿದ್ದರೆ ಲಾರಿಗೆ ಏರಿಸುವುದು. ಚುಚ್ಚುವವರು ಡಾಕ್ಟರು, ಹಿಡಿಯುವವರು ಮೇಷ್ಟ್ರು.

ಹಿಡಿಯುವುದೆಂದರೆ ಸಾಮಾನ್ಯ ಸಂಗತಿಯಲ್ಲ. ಬೇರೆಯವರು ಹಿಡಿದರೆ ಮೊಲ ಒದೆಯುತ್ತಿತ್ತು, ಪರಚುತ್ತಿತ್ತು; ಒಮ್ಮೆ ಒಬ್ಬ ಡಾಕ್ಟರ ಕನ್ನಡಕವೇ ಹಾರಿಹೋಗಿತ್ತು. ಮೇಷ್ಟ್ರು ಮಾತ್ರ ಎಡಗೈಯನ್ನು ಹೊಟ್ಟೆಯಡಿ ಕೊಟ್ಟು, ಬಲಗೈಯಿಂದ ಅದರ ಕಣ್ಣು ಮುಚ್ಚಿ, ನಾಲಿಗೆಯಲ್ಲಿ 'ಚ್ಚು ಚ್ಚು' ಎಂದರೆ ಸಾಕು, ಮೊಲ ಒದ್ದೆ ಬಟ್ಟೆಯ ಹಾಗೆ ಮೇಜಿಗೆ ಅಂಟಿಕೊಂಡುಬಿಡುತ್ತಿತ್ತು. ಕ್ಲಾಸಿನಲ್ಲಿ ಮಕ್ಕಳನ್ನು ಹೀಗೆ ಕೂರಿಸುವ ಮೇಷ್ಟ್ರನ್ನು ನಾನು ಕಂಡಿಲ್ಲ ಎಂದು ಯಾರೋ ಡಾಕ್ಟರು ಅಂದದ್ದೇ ತಡ, ಹೆಸರು ಅಂಟಿಕೊಂಡಿತು. ಇವರೂ ಅದನ್ನು ವಿಶ್ವವಿದ್ಯಾಲಯ ಕೊಟ್ಟ ಪದವಿಯ ಹಾಗೆ ತಲೆಯ ಮೇಲೆ ಹೊತ್ತು ಓಡಾಡಿದರು.

"ನನ್ನ ಮೊಲ ಮಿಸುಕಲ್ಲ" ಎಂಬುದು ಅವರು ಮದುವೆಮನೆ ಸಾವಿನ ಮನೆ ಎಂಬ ಭೇದವಿಲ್ಲದೆ ಎಲ್ಲೆಡೆ ಹೇಳುತ್ತಿದ್ದ ಮಾತು. "ಅವಕ್ಕೆ ನಾನಂದ್ರೆ ಪ್ರಾಣ. ಆ ನಂಬಿಕೆ ಮನುಷ್ಯರಿಗೆ ಎಲ್ಲಿಂದ ಬರಬೇಕು?" ಎಂದು ಹೆಂಡತಿಯ ಕಡೆ ಓರೆಗಣ್ಣು ಹಾಯಿಸುತ್ತಿದ್ದರು.

"ನಾನು ಮಿಸುಕ್ತೀನಲ್ಲ, ಅದೇ ಇವರಿಗೆ ಸಂಕಟ" ಎಂದು ಆಕೆ ಅಲ್ಲೇ ತಿರುಗಿಸಿ ಕೊಡುತ್ತಿದ್ದರು.

ಮೇಷ್ಟ್ರು ನಿವೃತ್ತರಾದ ತಿಂಗಳೇ ಆ ಪರೀಕ್ಷೆಗೆ ಹೊಸ ಯಂತ್ರ ಬಂದು ಮೊಲದ ಮನೆಗೆ ಬೀಗ ಬಿತ್ತು. ಉಳಿದಿದ್ದ ಹನ್ನೆರಡು ಮೊಲಗಳನ್ನು ಪ್ರಾಣಿರಕ್ಷಣೆಯ ಸಂಘವೊಂದಕ್ಕೆ ಒಪ್ಪಿಸಿದರು. ಮೊಲದ ಮನೆ ಯಾವ ದಿಕ್ಕಿಗಿದೆ ಎಂದು ಅಂದೇ ಮೊದಲ ಬಾರಿ ತಿಳಿದುಕೊಂಡ ದೊಡ್ಡ ಸಾಹೇಬರು ಬೋನು ಹಿಡಿದು ಫೋಟೊ ತೆಗೆಸಿಕೊಂಡರು. ಮೊಲಗಳನ್ನು ಯೋಗ್ಯ ಕುಟುಂಬಗಳಿಗೆ ದತ್ತು ಕೊಡುವುದಾಗಿ ಸಂಘ ಪ್ರಕಟಿಸಿತು. ಮೇಷ್ಟ್ರು ಮರುದಿನ ಬೆಳಗ್ಗೆಯೇ ಅರ್ಜಿ ತಂದರು. ಅವರಿಗೆ ಬೇಕಾದದ್ದು ನಲವತ್ತೊಂದನೆಯ ನಂಬರಿನ ಬಿಳಿ ಮೊಲ. ನಾಲ್ಕು ವರ್ಷ ಅವರ ಕೈಯಲ್ಲೇ ಇದ್ದದ್ದು.

"ಅದನ್ನ ಬೇರೆಯವರ ಮನೆಗೆ ಕಳಿಸಿದ್ರೆ ಕೊರಗಿ ಸಾಯುತ್ತೆ" ಎಂದರು ನನ್ನ ಬಳಿ. ಅವರ ಕಣ್ಣಲ್ಲಿ ನಿಜವಾಗಿ ನೀರಿತ್ತು. ಮಕ್ಕಳಿಲ್ಲದ ಮನೆ. ಕೆಲಸವೂ ಹೋಗಿದೆ. ತಮ್ಮನ್ನು ಬಯಸುವ ಜೀವ ಲೋಕದಲ್ಲಿ ಒಂದಾದರೂ ಇದೆ ಎಂದು ಅವರು ನೆಚ್ಚಿಕೊಂಡಿದ್ದರೆ ಅದು ಆ ನಲವತ್ತೊಂದು.

ಅರ್ಜಿ ಒಂಬತ್ತು ಪುಟವಿತ್ತು. ಮೊಲ ಯಾವ ಕೋಣೆಯಲ್ಲಿ ಮಲಗುತ್ತದೆ, ದಿನಕ್ಕೆ ಎಷ್ಟು ಗಂಟೆ ಒಂಟಿಯಾಗಿರುತ್ತದೆ, ನೀವು ಸಿಟ್ಟನ್ನು ಹೇಗೆ ನಿಭಾಯಿಸುತ್ತೀರಿ ಎಂದೆಲ್ಲ ಪ್ರಶ್ನೆ.

"ನನ್ನನ್ನ ಇವರಿಗೆ ಕೊಡೋವಾಗ ನಮ್ಮಪ್ಪ ಇದರಲ್ಲಿ ಕಾಲು ಭಾಗ ಕೇಳಿದ್ರೂ ನಾನು ಬಚಾವಾಗ್ತಿದ್ದೆ" ಎಂದರು ಮೇಷ್ಟ್ರ ಹೆಂಡತಿ.

ಸದ್ಗುಣಿಗಳು, ದಯಾಳುಗಳು ಎಂದು ನಾನೊಂದು ಶಿಫಾರಸು ಪತ್ರ ಬರೆದುಕೊಟ್ಟೆ. ನನ್ನ ಸಹಿಗೆ ಸಂಘದಲ್ಲಿ ಬೆಲೆಯಿರುತ್ತದೆ ಎಂದು ನಾನೂ ನಂಬಿದ್ದೆನಲ್ಲ! ಆದರೆ ತೊಡಕಾದದ್ದು ಬೇರೆ ಕಡೆ. 'ಹಿಂದೆ ಮೊಲ ಸಾಕಿದ ಅನುಭವ' ಎಂಬಲ್ಲಿ ಮೇಷ್ಟ್ರು ಹೆಮ್ಮೆಯಿಂದ 'ಸುಮಾರು ಎರಡು ಸಾವಿರ' ಎಂದು ತುಂಬಿದ್ದರು.

ಸಂಘದ ಅಧ್ಯಕ್ಷೆ ಮನೆ ತನಿಖೆಗೆ ಬಂದರು. ಮಂಚದಡಿ ಬಗ್ಗಿ ನೋಡಿ, ವಿದ್ಯುತ್ ತಂತಿಗಳನ್ನು ಎಳೆದು ನೋಡಿ, ಕೊನೆಗೆ ಅರ್ಜಿ ತೆರೆದರು. "ಎರಡು ಸಾವಿರವೇ? ಅವೆಲ್ಲ ಈಗ ಎಲ್ಲಿವೆ?"

ಮೇಷ್ಟ್ರು ತಾವು ಬರೆದ ಅಂಕಿಯನ್ನೇ ನೋಡಿದರು. "ಈಗ... ಇಲ್ಲಮ್ಮ."

ಅಧ್ಯಕ್ಷೆಯ ಮುಖ ಗಂಟಾಯಿತು. ಸೂಜಿಗೆ ಹಿಡಿದುಕೊಟ್ಟ ಕೈಗೆ ಮೊಲ ಕೊಡುವುದು ಸಂಘದ ಧ್ಯೇಯಕ್ಕೆ ಕುಂದು ಎಂದರು. ಮೇಷ್ಟ್ರು ಕೈ ಮುಗಿದರು. "ಅಮ್ಮ, ನನ್ನ ಬಿಡಿ. ಅದನ್ನೇ ಒಂದು ಮಾತು ಕೇಳಿ. ಅದು ಬೇಡ ಅಂದ್ರೆ ನಾನು ಇನ್ನೊಂದು ಮಾತಾಡಲ್ಲ."

ಮೊಲವನ್ನೇ ಕೇಳುವುದು ಅಧ್ಯಕ್ಷೆಗೆ ಬಹಳ ಹಿಡಿಸಿತು. ಅಂಥದ್ದು ಭಾಷಣಕ್ಕೆ ಬರುತ್ತದೆ. ಭಾನುವಾರ ಸಂಘದ ಹಜಾರದಲ್ಲಿ ಹತ್ತಿಪ್ಪತ್ತು ಜನ ಸೇರಿದೆವು. ಚಾಪೆಯ ಮೇಲೆ ನಲವತ್ತೊಂದು ಅತ್ತಿತ್ತ ಮೂಸುತ್ತಿತ್ತು. ಮೇಷ್ಟ್ರು ನೆಲಕ್ಕೆ ಕೂತು ಕೈ ಚಾಚಿ 'ಚ್ಚು ಚ್ಚು' ಎಂದರು.

ಮೊಲ ನಿಂತಲ್ಲೇ ಕುಸಿಯಿತು. ಕಿವಿ ಬೆನ್ನಿಗೆ ಒತ್ತಿಕೊಂಡು, ಗದ್ದ ನೆಲಕ್ಕೆ ಹಚ್ಚಿ ಚಪ್ಪಟೆಯಾಯಿತು. ಮೇಷ್ಟ್ರು ಎತ್ತಿ ಮಡಿಲಲ್ಲಿ ಇಟ್ಟುಕೊಂಡರೂ ಒಂದು ಕೂದಲೂ ಅಲುಗಲಿಲ್ಲ.

"ನೋಡಿ! ಗುರುತು ಹಿಡೀತು! ಪೂರ್ತಿ ಶರಣಾಗಿಬಿಟ್ಟಿದೆ!" ಎಂದು ಅಧ್ಯಕ್ಷೆ ಕಣ್ಣೊರೆಸಿಕೊಂಡರು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ನಾನು ಸ್ವಲ್ಪ ಜೋರಾಗಿಯೇ ತಟ್ಟಿದೆ ಎಂದು ನೆನಪು. ಮೇಷ್ಟ್ರು ಮೊಲವನ್ನು ಎದೆಗವಚಿಕೊಂಡು, ವರನ ಕಡೆಯವರ ಗತ್ತಿನಲ್ಲಿ ಆಟೊ ಹತ್ತಿದರು.

ಮನೆಗೆ ಬಂದ ಮೊಲ ತಿನ್ನಲಿಲ್ಲ. ಮೇಷ್ಟ್ರು ಎದುರಿಗೆ ಕೂತು ಹುಲ್ಲು, ಮೂಲಂಗಿ ಸೊಪ್ಪು ಎಂದು ಒಂದೊಂದೇ ಎಸಳು ಹಿಡಿದರೆ ಅದು ಗದ್ದ ಊರಿ ಮಲಗಿಯೇ ಇರುತ್ತಿತ್ತು. ಅವರು ಸಾಮಾನು ತರಲು ಹೋಗಿ ಬರುವಷ್ಟರಲ್ಲಿ ತಟ್ಟೆ ಖಾಲಿ.

"ರೀ, ನೀವಿದ್ರೆ ಅದು ಕಲ್ಲಾಗುತ್ತೆ. ನೀವು ಆಚೆ ಹೋದ್ರೆ ಮನೆ ತುಂಬಾ ಓಡಾಡುತ್ತೆ" ಎಂದರು ಹೆಂಡತಿ.

"ಅದು ಶಿಸ್ತು. ನಿನಗೆ ತಿಳಿಯಲ್ಲ."

"ಶಿಸ್ತು ಮಾಡಿಕೊಂಡು ಉಪವಾಸ ಸಾಯೋಕೆ ಅದೇನು ನಿಮ್ಮ ಹಾಗೆ ಮೇಷ್ಟ್ರೇ?"

ವಾರ ಕಳೆದಿತ್ತು. ಒಂದು ಮಧ್ಯಾಹ್ನ ಕ್ಷೌರಕ್ಕೆಂದು ಹೊರಟ ಮೇಷ್ಟ್ರು ಅಂಗಡಿಗೆ ಬೀಗ ಕಂಡು ಅರ್ಧ ದಾರಿಯಿಂದ ಮರಳಿದರು. ನಾನೂ ಪೇಪರು ಕೇಳುವ ನೆಪದಲ್ಲಿ ಜೊತೆಗಿದ್ದೆ. ಬಾಗಿಲು ಓರೆಯಾಗಿತ್ತು. ಒಳಗೆ ಅವರ ಹೆಂಡತಿ ಗೋಣಿ ಹಾಸಿಕೊಂಡು ಸೊಪ್ಪು ಬಿಡಿಸುತ್ತಿದ್ದರು. ಮೊಲ ಅವರ ಸುತ್ತ ಒಂದು ಸುತ್ತು ಓಡಿತು, ನಿಂತಿತು, ಮತ್ತೆ ಏನೋ ನೆನಪಾದ ಹಾಗೆ ಗಾಳಿಗೆ ಜಿಗಿದು ಅಲ್ಲೇ ಮೈ ತಿರುಚಿ ಹಿಂಗಾಲು ಝಾಡಿಸಿತು. ಇಳಿದದ್ದೇ ಮತ್ತೊಂದು ಜಿಗಿತ.

ಮೇಷ್ಟ್ರು ನನ್ನ ತೋಳು ಹಿಡಿದುಕೊಂಡರು. "ಇದೇನು ಮಾಡ್ತಿದೆ?" ಎಂದು ಪಿಸುಗುಟ್ಟಿದರು. ಎರಡು ಸಾವಿರ ಮೊಲ ಸಾಕಿದವರಿಗೆ ಗೊತ್ತಿರಲಿಲ್ಲ. ಅವರ ಬೋನುಗಳು ಒಂದೂವರೆ ಮೊಳದವು, ಜಿಗಿಯಲು ಜಾಗವೆಲ್ಲಿತ್ತು?

"ಖುಷಿಗೆ ಕುಣೀತಿರಬೇಕು" ಎಂದೆ.

ಅವರು ಬಾಗಿಲು ತಳ್ಳಿದರು. ಮೊಲ ಜಿಗಿದಿತ್ತು, ನೆಲಕ್ಕೆ ಬಂದದ್ದು ಚಪ್ಪಟೆಯಾಗಿ. ಗದ್ದ ಊರಿ, ಒಂದು ಕಿವಿಯನ್ನು ಅವರ ಕಡೆಗೆ ಹಾಸಿ ಬಿದ್ದುಕೊಂಡಿತು. ಸೂಜಿಗೆ ಕಿವಿ ಒಡ್ಡುವ ಹಾಗೆ. ಕಣ್ಣು ಮಾತ್ರ ಅಗಲವಾಗಿ ತೆರೆದಿತ್ತು. ಇಪ್ಪತ್ತೆರಡು ವರ್ಷ ಅವರು ಕೈಯಿಂದ ಮುಚ್ಚಿ ಹಿಡಿದದ್ದು ಆ ಕಣ್ಣನ್ನೇ. ಅದರಲ್ಲಿ ಏನಿರುತ್ತದೆ ಎಂದು ಅಂದು ಮೊದಲ ಬಾರಿ ನಿಂತು ನೋಡಿದರು.

ಅಂದಿನಿಂದ ಅವರು ಮೊಲವನ್ನು ಮುಟ್ಟಲಿಲ್ಲ. ವಾಪಸು ಕೊಟ್ಟುಬಿಡೋಣ ಎಂದು ಒಮ್ಮೆ ಬಾಯಿ ತೆರೆದರು. ಅಷ್ಟರಲ್ಲಿ ಹೆಂಡತಿಗೆ ಅದರ ಗೀಳು ಹತ್ತಿತ್ತು. "ಅದು ಎಲ್ಲಿಗೂ ಹೋಗಲ್ಲ. ಬೇಕಾದ್ರೆ ನೀವು ಹೋಗಿ" ಎಂದರು. ಆಕೆ ತಮಾಷೆಗೆ ಅಂದದ್ದು. ಮೇಷ್ಟ್ರು ಎದ್ದು ಚಪ್ಪಲಿ ಮೆಟ್ಟಿ ನಮ್ಮ ಮನೆಗೆ ಬಂದರು.

ತಿಂಗಳ ನಂತರ ಅಧ್ಯಕ್ಷೆ ವಿಚಾರಣೆಗೆ ಬಂದರು. ಮೇಷ್ಟ್ರು ಇರಲೇಬೇಕೆಂದು ನಮ್ಮ ಮನೆಯಿಂದ ಕರೆಸಿದರು. ಅವರು ಹೊಸ್ತಿಲು ದಾಟಿದ್ದೇ ಮೊಲ ಬಿದ್ದುಕೊಂಡಿತು. "ಅದ್ಭುತ ಹೊಂದಾಣಿಕೆ" ಎಂದು ಅಧ್ಯಕ್ಷೆ ಬರೆದುಕೊಂಡರು.

"ಹೊಂದಾಣಿಕೆ ಅಲ್ಲಮ್ಮ. ಸೂಜಿ ಯಾವಾಗ ಚುಚ್ತಾರೋ ಅಂತ ಕಾಯ್ತಿದೆ" ಎಂದರು ಮೇಷ್ಟ್ರು.

ಅಧ್ಯಕ್ಷೆ ನಕ್ಕರು. "ನಿಮ್ಮದು ಅತಿ ವಿನಯ. ನಮ್ಮ ವಾರ್ಷಿಕೋತ್ಸವದಲ್ಲಿ ನೀವೇ ಮಾತಾಡಬೇಕು. ಪ್ರಾಣಿಗಳ ವಿಶ್ವಾಸ ಗಳಿಸುವುದು ಹೇಗೆ ಅಂತ."

ಮೇಷ್ಟ್ರು ಹೊರಬಂದು ನಮ್ಮ ಮನೆ ಸೇರಿದರು.

ಈಗ ದಿನಕ್ಕೆ ಎರಡು ಹೊತ್ತು, ಮೊಲದ ಊಟದ ವೇಳೆಗೆ, ಅವರು ನಮ್ಮಲ್ಲಿರುತ್ತಾರೆ. ಕಿಟಕಿ ಬಳಿಯ ನನ್ನ ಕುರ್ಚಿ ಅವರ ಪಾಲಾಗಿದೆ. ನಾನು ಸ್ಟೂಲಿನ ಮೇಲೆ ಕೂತು ದೊಡ್ಡ ಮನಸ್ಸಿನವನೆಂದು ಸಮಾಧಾನ ಮಾಡಿಕೊಳ್ಳುತ್ತೇನೆ. ಅವರು ಎರಡು ಕೈಗಳನ್ನೂ ತೊಡೆಯಡಿ ಇಟ್ಟುಕೊಂಡು ಕೂರುತ್ತಾರೆ. ಕಾಫಿ ಕೊಟ್ಟರೆ ಮಾತ್ರ ಒಂದು ಕೈ ಹೊರಗೆ.

ಊಟವಾದ ಮೇಲೆ ಹೆಂಡತಿ ಒಂದು ಮಿಸ್ಡ್ ಕಾಲ್ ಕೊಡುತ್ತಾರೆ. ಮೇಷ್ಟ್ರು ಇನ್ನು ಮನೆಗೆ ಬರಬಹುದು ಎಂಬುದಕ್ಕೆ ಅದು ಗುರುತು. ನಿನ್ನೆಯೂ ಫೋನು ಬಡಿದುಕೊಂಡು ನಿಂತಿತು. ಮೇಷ್ಟ್ರು ಏಳಲಿಲ್ಲ.

"ಕರೀತಿದಾರಲ್ಲ, ಹೋಗಲ್ವಾ?" ಎಂದೆ.

"ಹೋಗ್ತೀನಿ" ಎಂದರು. "ಹೊಟ್ಟೆ ತುಂಬಿದ ಮೇಲೆ ಅದು ಸ್ವಲ್ಪ ಹೊತ್ತು ಕುಣಿಯುತ್ತಂತೆ."